ಬೂದೆಮ್ಮನ ಕಣ್ಣು

ಮೊದಲ ದಿನ ಮಲ್ಲಿಕಾ ಅವನನ್ನು ಕೊರಿಯರ್‌ನವನೆಂದೇ ತಿಳಿದಳು.

ರಟ್ಟಿನ ಡಬ್ಬಿ ಹಿಡಿದು ಯಾರೋ ಬಾಗಿಲಲ್ಲಿ ನಿಂತಂತಾಯಿತು. ಅವಳ ಎಡಗೈಯಲ್ಲಿ ಹೆಬ್ಬೆರಳುದ್ದದ ಗೊಂಬೆ, ಬಲಗೈಯಲ್ಲಿ ನಾಲ್ಕೇ ಕೂದಲಿದೆಯೇನೋ ಎನ್ನುವಂಥ ಬ್ರಷ್. ತಲೆ ಎತ್ತುವಂತಿರಲಿಲ್ಲ. "ಅಲ್ಲಿಡ್ರಿ. ಸಹಿ ಎಲ್ಲಿ ಮಾಡ್ಬೇಕು?" ಎಂದಳು.

ಅವನು ಡಬ್ಬಿ ಇಟ್ಟ. ಆದರೆ ಹೋಗಲಿಲ್ಲ.

"ಸಹಿ ಬ್ಯಾಡ್ರಿ ಮೇಡಂ. ಅದರಾಗ ನನ್ನ ರೊಟ್ಟಿ ಅದಾವ. ನಾನು ಇಲ್ಲಿ ಕೆಲ್ಸಕ್ಕ ಸೇರಾಕ ಬಂದೀನಿ."

ಮಲ್ಲಿಕಾ ಥಟ್ಟನೆ ತಲೆ ಎತ್ತಿದಳು. ಹಣೆಗೆ ಕಟ್ಟಿಕೊಂಡಿದ್ದ ಭೂತಗನ್ನಡಿ ಇನ್ನೂ ಕಣ್ಣ ಮೇಲೇ ಇತ್ತು. ಅದರಲ್ಲಿ ಅವನ ಮುಖವೆಲ್ಲ ಕಲಸಿಹೋಗಿ ನಗು ಮಾತ್ರ ದೊಡ್ಡದಾಗಿ ಕಂಡಿತು. ಗಾಜನ್ನು ಮೇಲೆ ಸರಿಸಿದ ಮೇಲೂ ಆ ನಗು ಅಷ್ಟೇ ದೊಡ್ಡದಿತ್ತು.

ಹುಲಗಪ್ಪ ಮಾನ್ವಿ ತಾಲ್ಲೂಕಿನ ಬಾಗಲವಾಡದವನು. ಚಿತ್ರಕಲೆಯ ಡಿಪ್ಲೊಮಾ ಮುಗಿಸಿ ಎರಡು ವರ್ಷ ಅಂಗಡಿ ಬೋರ್ಡು ಬರೆದಿದ್ದ. ಅವನು ಸೇರಲು ಬಂದದ್ದು ರಾಯಚೂರಿನ ತೀನ್ ಕಂದೀಲ್ ಹತ್ತಿರದ ಇಮಾಮಹುಸೇನರ ಮಾಡೆಲ್ ಕಾರ್ಖಾನೆಗೆ. ಬಿಲ್ಡರ್‌ಗಳಿಗೆ ರಟ್ಟಿನ ಮನೆ, ಕಾಲೇಜುಗಳಿಗೆ ಎದೆಗೂಡಿನ ಮಾದರಿ ಮಾಡಿಕೊಡುತ್ತಿದ್ದ ಇಮಾಮಹುಸೇನರಿಗೆ ಆ ವರ್ಷ ದೊಡ್ಡ ಕೆಲಸ ಸಿಕ್ಕಿತ್ತು. ಮಾನ್ವಿಯಲ್ಲಿ ಒಂದು ಟ್ರಸ್ಟಿನವರು ಕಟ್ಟಿಸುತ್ತಿದ್ದ ಸಭಾಭವನದಲ್ಲಿ, ಎಪ್ಪತ್ತು ವರ್ಷದ ಹಿಂದೆ ಕಾಲುವೆ ತೋಡಿದ ದೃಶ್ಯವನ್ನು ಗಾಜಿನೊಳಗೆ ನಿಲ್ಲಿಸಬೇಕಿತ್ತು. ಗುದ್ದಲಿ ಹಿಡಿದವರು, ಬುಟ್ಟಿ ಹೊತ್ತವರು, ನೀರು ಕೊಡುವವರು, ಎಲ್ಲ ಸೇರಿ ನೂರಾ ಅರವತ್ತು ಗೊಂಬೆ. ಅಚ್ಚು ಹಾಕಿದ ಗೊಂಬೆಗಳು ಹೈದರಾಬಾದಿನಿಂದ ಬರುತ್ತಿದ್ದವು. ಬಣ್ಣ ಹಚ್ಚುವುದು ಮಲ್ಲಿಕಾಳ ಪಾಲು.

"ಬೇಟಿ, ಈ ಹುಡುಗಗ ಕೈ ಹಿಡಿದು ಕಲಿಸು," ಎಂದರು ಇಮಾಮಹುಸೇನರು. ಹೇಳಿದ ಮೇಲೆ ತಮ್ಮ ಮಾತಿಗೆ ತಾವೇ ಕೆಮ್ಮಿ ಒಳಗೆ ಹೋದರು. ಹುಲಗಪ್ಪ ಗೋಡೆ ನೋಡಿದ. ಮಲ್ಲಿಕಾ ಬಣ್ಣದ ಬಾಟಲಿಗಳನ್ನು ಸುಮ್ಮನೆ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಇಟ್ಟಳು.

ಕಲಿಸುವುದು ಬಹಳವಿತ್ತು. ಗೊಂಬೆಯನ್ನು ಕೈಯಲ್ಲಿ ಹಿಡಿಯಬಾರದು, ಬೆವರು ತಾಗಿದರೆ ಬಣ್ಣ ಏಳುತ್ತದೆ; ಬಾಟಲಿಯ ಮುಚ್ಚಳಕ್ಕೆ ಅಂಟಿಸಿ ಮುಚ್ಚಳ ಹಿಡಿಯಬೇಕು. ಮೊದಲು ಅಡಿಬಣ್ಣವಾಗಿ ಬೂದುಬಣ್ಣದ ಪ್ರೈಮರ್. ಬಣ್ಣ ಹಾಲಿನಷ್ಟು ತೆಳುವಾಗಬೇಕು, ಒಂದೇ ಸಲ ದಪ್ಪಗೆ ಬಳಿಯುವ ಬದಲು ಮೂರು ಸಲ ತೆಳ್ಳಗೆ. ಟಿಫಿನ್ ಡಬ್ಬಿಯ ಮುಚ್ಚಳದಲ್ಲಿ ಒದ್ದೆ ಸ್ಪಂಜು, ಮೇಲೆ ಬಟರ್ ಪೇಪರ್ ಹಾಸಿದರೆ ರಾಯಚೂರಿನ ಬಿಸಿಲಿಗೂ ಬಣ್ಣ ಒಣಗುವುದಿಲ್ಲ. ಸೀರೆಯ ಮಡಿಕೆಗೆ ನೀರಾದ ಗಾಢ ಬಣ್ಣ ಬಿಟ್ಟರೆ ಅದೇ ಇಳಿದು ನೆರಳಾಗುತ್ತದೆ. ಆಮೇಲೆ ಬ್ರಷ್ಷನ್ನು ಬಟ್ಟೆಗೆ ಒರೆಸಿ ಒರೆಸಿ, ಇದೆಯೋ ಇಲ್ಲವೋ ಅನ್ನುವಷ್ಟು ತಿಳಿ ಬಣ್ಣವನ್ನು ಉಬ್ಬಿನ ಮೇಲಷ್ಟೇ ಸವರಬೇಕು.

"ಬೋರ್ಡು ಬರಿಯೋ ಕೈ ರೀ ಇದು. ಇಷ್ಟು ಸಣ್ಣ ಮಾತು ಕೇಳೂದಿಲ್ಲ," ಎಂದ ಹುಲಗಪ್ಪ.

"ಕೇಳ್ತದ. ಎರಡೂ ಮೊಣಕೈ ಪಕ್ಕಿಗೆ ಒತ್ತಿ ಇಟ್ಕೋರಿ. ಎರಡೂ ಮಣಿಕಟ್ಟು ಒಂದಕ್ಕೊಂದು ತಾಗಿರ್ಲಿ. ಕಣ್ಣು ಬರಿಯೋವಾಗ ಉಸಿರು ಬಿಡ್ತಾ ಬರೀರಿ. ಮೊದಲ ಬಿಳಿ ಗೆರಿ, ಅದರ ಮ್ಯಾಲ ಕರಿ ಚುಕ್ಕಿ."

"ನೀವು ಬಾಜೂಕ ಕುಂತ್ರ ಉಸಿರು ಎಲ್ಲಿ ಬಿಡೂದ್ರಿ."

ಅವಳು ಕೇಳಿಸದವಳಂತೆ ಬ್ರಷ್ಷಿನ ತುದಿಯನ್ನು ಹೆಬ್ಬೆರಳ ಉಗುರಿನ ಮೇಲೆ ಹೊರಳಿಸಿ ಚೂಪು ಮಾಡುತ್ತಿದ್ದಳು. ಕೆಂಪು ಬಣ್ಣ ಉಗುರು ದಾಟಿ ಬೆರಳಿಗೆಲ್ಲ ಹತ್ತಿದ್ದು ಗೊತ್ತಾಗಲಿಲ್ಲ. ಅವನು ನೋಡಿದ. ನೋಡಿದನೆಂದು ಅವಳಿಗೂ ತಿಳಿಯಿತು.

ಮಧ್ಯಾಹ್ನದ ರೊಟ್ಟಿ ಇಬ್ಬರದೂ ಒಂದೇ ಪೇಪರಿನ ಮೇಲೆ ಬಿಚ್ಚುವಂತಾಯಿತು. ಅವಳು ಮೇಡಂ ಅನ್ನಬೇಡಿ ಎಂದಳು. ಮೂರು ದಿನ ಹೆಣಗಿ ಅವನು ಮಲ್ಲಿಕಾ ಅನ್ನುವುದನ್ನು ಕಲಿತ. ಒಂದು ದಿನ ಕಾಲುವೆಯ ಮೇಸ್ತ್ರಿಯ ಗೊಂಬೆಗೆ ಬಣ್ಣ ಮುಗಿಸಿ ಅವಳ ಮುಂದಿಟ್ಟ. ಮೇಸ್ತ್ರಿಯ ಹುಬ್ಬು ಗಂಟಿಕ್ಕಿತ್ತು.

"ಇದು ಯಾರಂಗದ ಹೇಳ್ರಿ."

ಭೂತಗನ್ನಡಿಯಲ್ಲಿ ನೋಡಿದಳು. ಅವಳದೇ ಹುಬ್ಬು. "ನಾನು ಇಷ್ಟು ಸಿಟ್ಟಿನಾಕಿ ಅಲ್ಲ," ಎಂದಳು ಸಿಟ್ಟಿನಿಂದಲೇ. ಆಮೇಲೆ ನಗು ತಡೆಯಲಾಗದೆ ಬ್ರಷ್ ತೊಳೆಯುವ ನೆಪದಲ್ಲಿ ಎದ್ದುಹೋದಳು.

ಮಲ್ಲಿಕಾ ದೇವದುರ್ಗದ ಗದ್ದೆಪ್ಪ ಮೇಷ್ಟ್ರ ಮಗಳು. ಅಪ್ಪ ಕೆಂಪು ಶಾಯಿಯಲ್ಲಿ ಮಕ್ಕಳ ಕಾಗುಣಿತ ತಿದ್ದುವುದನ್ನು ನೋಡುತ್ತಲೇ ಬೆಳೆದವಳು. ತಪ್ಪು ಕಂಡರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಹುಲಗಪ್ಪನ ಗೊಂಬೆಗಳಲ್ಲಿ ಎಲ್ಲ ಚೆನ್ನಾಗಿರುತ್ತಿತ್ತು, ಕಣ್ಣು ಮಾತ್ರ ಆಗಾಗ ಕೈಕೊಡುತ್ತಿತ್ತು; ಒಂದು ಮೇಲೆ, ಒಂದು ಕೆಳಗೆ. ಅವನು ಎದ್ದುಹೋದಾಗ ಅವಳು ಗುಟ್ಟಾಗಿ ಸರಿಮಾಡಿ ಇಡುತ್ತಿದ್ದಳು. ತನ್ನ ಪ್ರೀತಿಯನ್ನು ಹೇಳಲು ಅವಳಿಗೆ ಗೊತ್ತಿದ್ದ ರೀತಿ ಅದೊಂದೇ ಆಗಿತ್ತು.

ಮಾನ್ವಿಗೆ ಸಾಗಿಸುವ ಮುಂಚಿನ ವಾರ ಅವನು ಒಂದೇ ಗೊಂಬೆಯ ಮೇಲೆ ಕೂತ. ಬುಟ್ಟಿ ಹೊತ್ತ ಹೆಂಗಸು. ಮೈಬಣ್ಣವನ್ನು ಬಾಟಲಿಯಿಂದ ತೆಗೆಯದೆ ಕಂದುಬಣ್ಣಕ್ಕೆ ಸ್ವಲ್ಪ ನೀಲಿ ಬೆರೆಸಿ ತಾನೇ ಮಾಡಿದ. ಸೀರೆಯ ಹಸಿರು ಸರಿಬರಲಿಲ್ಲವೆಂದು ನಾಲ್ಕು ಸಲ ಅಳಿಸಿದ. ಶುಕ್ರವಾರ ಸಂಜೆ ಅದನ್ನು ಬೇರೆಯಾಗಿ ಎತ್ತಿಟ್ಟು, ಊರಿಗೆ ಹೊರಟು ನಿಂತ.

"ರವಿವಾರ ಮಾನ್ವಿಗೆ ನಮ್ಮವ್ವನ್ನ ಕರ್ಕೊಂಡು ಬರ್ತೀನಿ. ಆಕಿ ಎರಡು ನೋಡಬೇಕಂತ ಕುಂತಾಳ."

"ಏನೇನು?"

"ಒಂದು ಆ ಗೊಂಬಿ."

"ಇನ್ನೊಂದು?"

ಅವನು ಬ್ಯಾಗಿನ ಜಿಪ್ಪು ಎಳೆದ, ಮತ್ತೆ ತೆರೆದ, ಮತ್ತೆ ಎಳೆದ. "ಕೆಂಪು ಸೀರಿ ಉಡ್ರಿ ಅವತ್ತು," ಎಂದು ಮೆಟ್ಟಿಲಿಳಿದ.

ಮರುದಿನ ಗೊಂಬೆಗಳನ್ನು ಡಬ್ಬಿಗೆ ತುಂಬುವಾಗ ಮಲ್ಲಿಕಾ ಆ ಹೆಂಗಸನ್ನು ಗಾಜಿನ ಕೆಳಗೆ ಹಿಡಿದಳು. ಅಷ್ಟು ಚೆಂದದ ಕೆಲಸ ಅವನಿಂದ ಹಿಂದೆಂದೂ ಬಂದಿರಲಿಲ್ಲ. ಆದರೆ ಒಂದು ಕಣ್ಣು ಸರಿಯಿತ್ತು, ಇನ್ನೊಂದು ಬರೀ ಗೆರೆ. ಪಾಪ, ಕೈ ನಡುಗಿರಬೇಕು, ಕೇಳಲು ನಾಚಿಕೊಂಡಿರಬೇಕು ಎಂದುಕೊಂಡಳು. ಫೋನು ಪಕ್ಕದಲ್ಲೇ ಇತ್ತು. ಅವಳು ಹತ್ತಿಯ ಕಡ್ಡಿಯನ್ನು ಥಿನ್ನರಿಗೆ ಅದ್ದಿ ಎರಡೂ ಕಣ್ಣನ್ನು ಒರೆಸಿ ತೆಗೆದಳು. ಉಸಿರು ಬಿಡುತ್ತ ಎರಡು ಬಿಳಿ ಗೆರೆ, ಎರಡು ಕರಿ ಚುಕ್ಕಿ ಇಟ್ಟಳು. ಅವಳ ಬದುಕಿನಲ್ಲಿ ಅಷ್ಟು ಸಮನಾದ ಕಣ್ಣು ಬಂದಿರಲಿಲ್ಲ. ಅವನು ಎಷ್ಟು ಖುಷಿಪಡುತ್ತಾನೆಂದು ನೆನೆದು ಒಬ್ಬಳೇ ನಕ್ಕಳು.

ಭಾನುವಾರ ಬೆಳಿಗ್ಗೆ ಉದ್ಘಾಟನೆಗೆ ಮಾನ್ವಿಯ ಸಭಾಭವನದಲ್ಲಿ ಜನ ತುಂಬಿದ್ದರು. ಗೊಂಬೆಗಳನ್ನೆಲ್ಲ ಹಿಂದಿನ ರಾತ್ರಿಯೇ ಅಂಟಿಸಿ, ಗಾಜು ಮುಚ್ಚಿ ಸ್ಕ್ರೂ ಬಿಗಿದಾಗಿತ್ತು. ಮಲ್ಲಿಕಾ ಕೆಂಪು ಸೀರೆ ಉಟ್ಟಿದ್ದಳು. ಹುಲಗಪ್ಪ ದೂರದಿಂದಲೇ ಅವಳನ್ನು ನೋಡಿ, ಎರಡು ಹೆಜ್ಜೆ ತಪ್ಪಿ, ನೇರ ಗಾಜಿನ ಹತ್ತಿರ ಬಂದ.

"ನಿಮ್ಮ ಗೊಂಬಿ ನೋಡ್ರಿ. ಎರಡೂ ಕಣ್ಣು ಸರಿ ಮಾಡೀನಿ," ಎಂದಳು ಅವಳು.

ಅವನು ನೋಡಿದ. ಮುಖದಲ್ಲಿದ್ದ ನಗು ಒಮ್ಮೆಲೇ ಹೋಗಲಿಲ್ಲ. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಅಲ್ಲೇ ನಿಂತಿತ್ತು.

ಅಷ್ಟರಲ್ಲಿ ಅವನ ತಾಯಿ ಗೋಪಮ್ಮ ಸೆರಗು ಸರಿಮಾಡಿಕೊಳ್ಳುತ್ತ ಬಂದಳು. ಮೂಗು ಗಾಜಿಗೆ ತಾಗುವಷ್ಟು ಬಗ್ಗಿ ಒಂದೊಂದೇ ಸಾಲು ಹುಡುಕಿದಳು. ಆಮೇಲೆ ಪಕ್ಕದಲ್ಲಿದ್ದ ಮಲ್ಲಿಕಾಳನ್ನೇ ಕೇಳಿದಳು.

"ಯವ್ವಾ, ಒಂದು ಕಣ್ಣು ಮುಚ್ಚಿದಾಕಿ ಎಲ್ಲದಾಳ ಇದರಾಗ? ನಮ್ಮವ್ವ, ಬೂದೆಮ್ಮ. ಈ ಕಾಲುವಿ ತೋಡುವಾಗ ಕಲ್ಲು ಸಿಡಿದು ಒಂದು ಕಣ್ಣು ಹೋಗಿತ್ತು. ನಾನು ಆರು ವರ್ಷದಾಕಿ ಇದ್ದಾಗ ಸತ್ಲು. ಒಂದು ಫೋಟೋ ಇಲ್ಲ. ನಮ್ಮ ಹುಡುಗ ಆಕಿನ್ನ ಮಾಡೀನಿ ಅಂದಾನ."

ಮಲ್ಲಿಕಾ ಗೋಪಮ್ಮನ ಕಡೆ ತಿರುಗಿದಳು. ಹೇಳಬೇಕೆಂದು ಬಾಯಿ ತೆರೆದಳು. ಅದಕ್ಕೂ ಮೊದಲೇ ಹುಲಗಪ್ಪ ಗಾಜಿನ ಮೇಲೆ ಬೆರಳಿಟ್ಟಿದ್ದ. ಹಿಂದಿನ ಸಾಲಿನಲ್ಲಿ, ಮಣ್ಣಿನ ದಿಬ್ಬ ಹತ್ತುತ್ತಿದ್ದ, ಇತ್ತ ಬೆನ್ನು ಮಾಡಿದ್ದ ಒಬ್ಬಳ ಕಡೆಗೆ.

"ಅಲ್ಲಿ ಅದಾಳ ನೋಡಬೇ. ಆ ಕಡಿ ಮುಖ ಮಾಡ್ಯಾಳ. ಕಣ್ಣು ಕಾಣೂದಿಲ್ಲ."

ಗೋಪಮ್ಮ ಬಹಳ ಹೊತ್ತು ಆ ಬೆನ್ನನ್ನೇ ನೋಡಿದಳು. "ಹೌದು, ಹಿಂಗ ನಡೀತಿದ್ಲು," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಮಲ್ಲಿಕಾಳ ಕೆಂಪು ಸೀರೆಯತ್ತ ತಿರುಗಿ, ಮಗನನ್ನು ಕೇಳಿದಳು: "ಈಕಿನಾ?"

"ಇವ್ರು ನಮ್ಮ ಮೇಡಂ," ಎಂದ ಹುಲಗಪ್ಪ.

ಆ ಒಂದು ಮಾತನ್ನು ಮಲ್ಲಿಕಾ ಮುಂದೆ ಎಷ್ಟೋ ಸಲ ಕೇಳಿಸಿಕೊಂಡಳು, ಯಾರೂ ಆಡದಿದ್ದಾಗಲೂ. ಕಾರ್ಖಾನೆಯಲ್ಲಿ ಅವನು ಇನ್ನೊಂದು ತಿಂಗಳು ಇದ್ದ. ಕರೆದರೆ ಓಗೊಡುತ್ತಿದ್ದ, ಕೇಳಿದ ಬಣ್ಣ ಕೊಡುತ್ತಿದ್ದ, ರೊಟ್ಟಿಯನ್ನು ಹೊರಗಿನ ಕಟ್ಟೆಯ ಮೇಲೆ ಕೂತು ತಿನ್ನುತ್ತಿದ್ದ. ತಪ್ಪಾಯ್ತು ಎನ್ನುವ ಮಾತು ಅವಳ ನಾಲಿಗೆಯ ತುದಿಗೆ ದಿನಾ ಬರುತ್ತಿತ್ತು. ಇಡೀ ಬದುಕು ಬೇರೆಯವರ ತಪ್ಪು ತಿದ್ದಿದವಳಿಗೆ ತನ್ನದನ್ನು ಹೇಗೆ ಹೇಳುವುದೆಂದು ತಿಳಿಯಲಿಲ್ಲ. ನಾಳೆ ಎಂದಳು. ಆ ನಾಳೆ ಬರುವ ಮೊದಲೇ ಅವನಿಗೆ ದೇವದುರ್ಗದ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕನ ಕೆಲಸ ಸಿಕ್ಕಿತು.

ಅವಳ ಅಪ್ಪನ ಮನೆಯಿಂದ ಆ ಶಾಲೆ ಹತ್ತು ನಿಮಿಷದ ದಾರಿ. ಹದಿನಾಲ್ಕು ತಿಂಗಳಲ್ಲಿ ಅವಳು ಎಷ್ಟು ಸಲ ಊರಿಗೆ ಹೋಗಿ ಬಂದಳೋ. ಆ ಹತ್ತು ನಿಮಿಷ ನಡೆಯಲಿಲ್ಲ.

ಕೊನೆಗೆ ಮಾನ್ವಿಯಿಂದ ಫೋನ್ ಬಂತು. ಗಾಜಿನೊಳಗೆ ಇರುವೆ ಸೇರಿವೆ, ಧೂಳು ಕೂತಿದೆ, ಬುಧವಾರ ತೆರೆಯುತ್ತೇವೆ, ಬಂದು ಸ್ವಚ್ಛ ಮಾಡಿಕೊಡಿ ಎಂದರು. ಮಲ್ಲಿಕಾ ಮಂಗಳವಾರವೇ ದೇವದುರ್ಗದ ಬಸ್ಸು ಹತ್ತಿದಳು.

ಶಾಲೆ ಬಿಟ್ಟಿತ್ತು. ಹುಲಗಪ್ಪ ಗೇಟಿನಲ್ಲಿ ಅವಳನ್ನು ಕಂಡು ನಿಂತ. ಎದುರಿನ ಹೋಟೆಲಿನಲ್ಲಿ ಚಹಾ ಬಂತು, ಇಬ್ಬರೂ ಕುಡಿಯಲಿಲ್ಲ.

"ನಾಳೆ ಗಾಜು ತೆಗಿತಾರ. ನಿಮ್ಮ ಅಜ್ಜಿ ಕಣ್ಣು ಮೊದಲಿನಂಗ ಮಾಡ್ತೀನಿ. ಯಾವ ಕಣ್ಣು ಅನ್ನೂದ ನೆನಪಿಲ್ಲ ನನಗ. ಅಷ್ಟೂ ನೋಡಿರ್ಲಿಲ್ಲ ನಾನು."

"ಎಡಗಣ್ಣು," ಎಂದ ಅವನು. "ಆದ್ರ ಮಾಡಬ್ಯಾಡ್ರಿ."

"ಯಾಕ?"

"ಅವ್ವ ಸಂತಿಗೆ ಹೋದಾಗೊಮ್ಮೆ ಅಲ್ಲಿಗೆ ಹೋಗ್ತಾಳ. ಬೆನ್ನು ಮಾಡಿದಾಕಿ ಮುಂದ ನಿಂತು ಮಾತಾಡಿ ಬರ್ತಾಳ. ಕಲ್ಲೂರಿನಾಗಿರೋ ನಮ್ಮ ದೊಡ್ಡವ್ವನ್ನೂ ಕರ್ಕೊಂಡು ಹೋಗಿ ತೋರ್ಸ್ಯಾಳ. ಈಗ ಆಕಿ ಅಲ್ಲ, ಈಕಿ ಅಂತ ಹೆಂಗ ಹೇಳ್ಲಿ?"

ತಿದ್ದಲೂ ಆಗದ ತಪ್ಪೊಂದು ಇರಬಹುದೆಂದು ಮಲ್ಲಿಕಾಳಿಗೆ ಯಾರೂ ಕಲಿಸಿರಲಿಲ್ಲ.

"ತಪ್ಪಾತು ನಂದು," ಎಂದಳು. ಆ ಮಾತು ಇಷ್ಟೇ ಸಣ್ಣದಿತ್ತು.

"ಕಣ್ಣು ಅಳಿಸಿದ್ದಕ್ಕ ನನಗ ಸಿಟ್ಟು ಇರಲಿಲ್ರಿ. ಒಂದು ಫೋನ್ ಮಾಡಿ ಯಾಕ ಹಿಂಗ ಅಂತ ಕೇಳಿದ್ರ ಸಾಕಿತ್ತು. ಆಮ್ಯಾಲೂ ಒಂದು ತಿಂಗಳು ಕಾದೆ. ಕೇಳ್ತೀರಂತ."

"ಬಾಯಿ ಬರ್ಲಿಲ್ಲ."

"ನಂದೂ ಅಷ್ಟ. ಹೇಳಬೇಕಾದ್ದು ನಾನೂ ಹೇಳ್ಲಿಲ್ಲ."

"ಈಗ ಹೇಳ್ರಿ."

ಅವನು ಆರಿದ ಚಹಾದ ಗ್ಲಾಸನ್ನು ಸುತ್ತು ತಿರುಗಿಸಿದ. "ಇಷ್ಟ ಇತ್ತು ಮಲ್ಲಿಕಾ. ಭಾಳ ಇತ್ತು."

"ನನಗೂ. ಈಗ್ಲೂ..."

"ಈಗಿಂದು ಬ್ಯಾಡ್ರಿ," ಎಂದ ಅವನು ಮೆತ್ತಗೆ. "ಅರಕೇರಾದಾಕಿ, ಅಂಬಿಕಾ ಅಂತ. ನರ್ಸ್ ಅದಾಳ. ಮುಂದಿನ ತಿಂಗಳು ಮದುವಿ. ನನ್ನ ಮಾತು ನಂಬಿ ಕುಂತಾಳ."

ಬಸ್ಸಿನ ತನಕ ಬಂದು ಕಿಟಕಿಯ ಪಕ್ಕದ ಸೀಟು ಹಿಡಿದುಕೊಟ್ಟ. ಬಸ್ಸು ಹೊರಟಾಗ ಕೈ ಎತ್ತಿದ. ಅವಳೂ ಎತ್ತಿದಳು. ಇಬ್ಬರಲ್ಲಿ ಯಾರು ಮೊದಲು ಇಳಿಸಿದರೋ ಅವಳಿಗೆ ತಿಳಿಯಲಿಲ್ಲ, ಕಣ್ಣು ಮಂಜಾಗಿತ್ತು.

ಬುಧವಾರ ಮಾನ್ವಿಯಲ್ಲಿ ಗಾಜು ತೆರೆದರು. ಮಲ್ಲಿಕಾ ಮೆತ್ತನೆಯ ಬ್ರಷ್ಷಿನಿಂದ ಒಬ್ಬೊಬ್ಬರ ಧೂಳು ಒರೆಸುತ್ತ ಹೋದಳು. ಎರಡೂ ಕಣ್ಣಿನ ಹೆಂಗಸನ್ನು ಮುಟ್ಟಿ, ಒರೆಸಿ, ಮುಂದೆ ಸರಿದಳು. ದಿಬ್ಬ ಹತ್ತುತ್ತಿದ್ದವಳ ಹತ್ತಿರ ಬಂದಾಗ ಕತ್ತು ಬಗ್ಗಿಸಿ ಅವಳ ಮುಂಬದಿ ನೋಡಿದಳು. ಅಲ್ಲಿ ಮುಖವೇ ಇರಲಿಲ್ಲ. ಯಾರಿಗೂ ಕಾಣದ ಕಡೆಗೆ ಬಣ್ಣವೇಕೆಂದು ಕಾರ್ಖಾನೆಯಲ್ಲಿ ಅವಳೇ ಅದನ್ನು ಪ್ರೈಮರಿನ ಬೂದುಬಣ್ಣದಲ್ಲೇ ಬಿಟ್ಟಿದ್ದಳು.

ಅವಳು ಡಬ್ಬಿ ತೆರೆದಳು. ಕಂದುಬಣ್ಣಕ್ಕೆ ಸ್ವಲ್ಪ ನೀಲಿ ಬೆರೆಸಿದಳು. ಕೈ ತೂರಿಸುವಷ್ಟೇ ಜಾಗವಿತ್ತು, ಭುಜ ಪೆಟ್ಟಿಗೆಯ ಅಂಚಿಗೆ ಒತ್ತಿ ನೋಯುತ್ತಿತ್ತು. ಮೂರು ತೆಳು ಪದರ ಹಚ್ಚಿ, ಒಂದೊಂದೂ ಒಣಗುವ ತನಕ ಕಾದಳು. ಬಲಗಣ್ಣಿಗೆ ಬಿಳಿ ಗೆರೆ, ಕರಿ ಚುಕ್ಕಿ. ಎಡಗಣ್ಣಿಗೆ ಒಂದೇ ಗೆರೆ, ಸ್ವಲ್ಪ ಬಾಗಿದ್ದು. ಗೆರೆ ಒಂದಿಷ್ಟು ಅಂಕುಡೊಂಕಾಯಿತು. ತಿದ್ದಲಿಲ್ಲ.

ಮೊಬೈಲನ್ನು ಒಳಗೆ ಹಿಡಿದು ಒಂದು ಫೋಟೋ ತೆಗೆದು ಅವನಿಗೆ ಕಳಿಸಿದಳು. ಏನೂ ಬರೆಯಲಿಲ್ಲ.

ಟ್ರಸ್ಟಿನವರು ಗಾಜು ಎತ್ತಿ ತಂದು ಕೂರಿಸುತ್ತಿದ್ದಾಗ ಉತ್ತರ ಬಂತು.

"ಅಜ್ಜಿನ್ನ ನಾನೂ ಇವತ್ತೇ ನೋಡಿದೆ. ಅವ್ವಗ ಹೇಳೂದಿಲ್ಲ. ನಮ್ಮಿಬ್ಬರಿಗೇ ಗೊತ್ತಿರ್ಲಿ."

ಅವಳು ಎರಡು ಸಲ ಓದಿದಳು. ಸ್ಕ್ರೂ ಬಿಗಿಯುವವನು, "ಮುಚ್ಚಲೇನ್ರಿ ಮೇಡಂ?" ಎಂದು ಕೇಳಿದ. ಮಲ್ಲಿಕಾ ಒಂದು ಹೆಜ್ಜೆ ಹಿಂದೆ ಸರಿದು, "ಮುಚ್ರಿ," ಎಂದಳು.