ಬಾಗಿಲಿಗೆ ತೂಗುಹಾಕಿದ ತಿಂಡಿಚೀಟಿ

ಮೂವತ್ತು ವರ್ಷ ಶಾಲೆಯಲ್ಲಿ ಭೂಗೋಳ ಕಲಿಸಿದವಳು ನಾನು. ಇಲ್ಲದ್ದನ್ನು ಕಟ್ಟಿ ಹೇಳುವ ಅಭ್ಯಾಸವಿಲ್ಲ. ವೇಲ್ಸ್‌ನ ಹಳ್ಳಿಯೊಂದರಲ್ಲಿ ಎಲುನೆಡ್ ಎಂಬ ಹೆಂಗಸು ತನ್ನ ಮನೆಯ ಕೋಣೆಗಳನ್ನು ಅತಿಥಿಗಳಿಗೆ ಕೊಡುತ್ತಾಳೆ. ಅಲ್ಲಿಗೆ ಒಬ್ಬಳೇ ಹೋಗಿದ್ದೆ. ಬೆಳಗಿನ ತಿಂಡಿಗೆ ಏನು ಬೇಕೆಂದು ಚೀಟಿಯಲ್ಲಿ ಬರೆದು, ಮಲಗುವ ಮುಂಚೆ ಬಾಗಿಲಿಗೆ ತೂಗುಹಾಕಬೇಕು. ಬೇಯಿಸಿದ ಮೊಟ್ಟೆ, ಚಹಾ ಎಂದು ಬರೆದೆ. ಹಾಸಿಗೆಯ ಒಂದು ಬದಿ ಬೆಳಗಿನವರೆಗೂ ಮಂಜುಗಡ್ಡೆಯಂತಿತ್ತು. ಹೀಟರ್ ಕೆಟ್ಟಿರಬೇಕೆಂದು ಬೈದುಕೊಂಡೆ.

ಬೆಳಿಗ್ಗೆ ಮೇಜಿನ ಮೇಲೆ ಇಬ್ಬರಿಗೆ ತಿಂಡಿ ಇಟ್ಟಿದ್ದಳು. ನನ್ನ ಮೊಟ್ಟೆ ಆರಿಹೋಗಿತ್ತು. ಎದುರಿನ ತಟ್ಟೆಯಲ್ಲಿ ಹುರಿದ ಮೀನು, ಬಿಸಿಬಿಸಿ.

"ಇದ್ಯಾರಿಗೆ?"

"ಚೀಟೀಲೇ ಇದೆಯಲ್ಲಮ್ಮ," ಎಂದು ಎಲುನೆಡ್ ಅದನ್ನು ಮುಂದೆ ಹಿಡಿದಳು. ನನ್ನ ಅಕ್ಷರದ ಕೆಳಗೆ ಯಾರದೋ ಓರೆ ಅಕ್ಷರ: ಮೀನು, ಹಾಲಿಲ್ಲದ ಕಾಫಿ.

"ನಾನೊಬ್ಳೇ ಬಂದಿರೋದು! ಕಣ್ಣು ಕಾಣಲ್ವಾ ನಿಮಗೆ?"

"ಯಾಕಮ್ಮ ರೇಗ್ತೀರಿ? ಅವರನ್ನ ನೋಡಿ, ಕೊಟ್ಟಿದ್ದನ್ನ ಸುಮ್ನೆ ತಿಂತಾರೆ."

ತಿರುಗಿ ನೋಡಿದೆ. ಎದುರಿನ ತಟ್ಟೆಯಲ್ಲಿ ಮುಳ್ಳು ಮಾತ್ರ ಉಳಿದಿತ್ತು.

ಹೆದರಿಕೆಗಿಂತ ಮೊದಲು ಸಿಟ್ಟು ಬಂತು. ದೂರು ಬರೆದೇ ಹೊರಡುವೆನೆಂದು ಅತಿಥಿಗಳ ಪುಸ್ತಕ ತೆರೆದೆ. ಅಂದಿನ ತಾರೀಖಿನ ಕೆಳಗೆ ಅದೇ ಓರೆ ಅಕ್ಷರ, ಶಾಯಿ ಇನ್ನೂ ಹಸಿ: "ಉಪಚಾರ ಚೆನ್ನಾಗಿತ್ತು. ಆದರೆ ಈ ಸಲವೂ ನನ್ನ ಹಾಸಿಗೆಯಲ್ಲಿ ಯಾರನ್ನೋ ಮಲಗಿಸಿದ್ದೀರಿ. ಆಕೆಯ ಗೊರಕೆಗೆ ನಿದ್ದೆಯೇ ಇಲ್ಲ."

ಗೊರಕೆಯೇ? ನಾನೇ? "ನಾನು ಗೊರಕೆ ಹೊಡೆಯುವುದಿಲ್ಲ" ಎಂದು ಕೆಳಗೆ ದಪ್ಪಕ್ಷರದಲ್ಲಿ ಬರೆದೆ. ಪೆನ್ನನ್ನು ಚೀಲಕ್ಕೆ ಹಾಕಿ ತಲೆಯೆತ್ತುವಷ್ಟರಲ್ಲಿ ಅದರ ಕೆಳಗೆ ಇನ್ನೊಂದು ಸಾಲಿತ್ತು:

"ಎಡಮಗ್ಗುಲಾದಾಗ ಹೊಡೆಯುತ್ತೀರಿ."