ಮುರ್ತುಜಸಾಬರ ಗಜಲಿನ ವಹಿ

೧೯೭೮ರ ಚಳಿಗಾಲದ ಒಂದು ಮುಂಜಾನೆ ಇಳಕಲ್ಲಿನ ಸೀರೆ ವ್ಯಾಪಾರಿ ಶಂಕ್ರಪ್ಪ ನಮ್ಮ ಬಸಯ್ಯನವರನ್ನು ಹುಡುಕಿಕೊಂಡು ಬಂದರು. ಬಸಯ್ಯನವರು ನಿವೃತ್ತ ಪೊಲೀಸ್ ಜಮಾದಾರರು. ಊರಲ್ಲಿ ಏನೇ ಕಳುವಾದರೂ ಜನ ಮೊದಲು ಅವರ ಬಾಗಿಲಿಗೇ ಬರುತ್ತಿದ್ದರು. ಸಾಲಿ ಮಾಸ್ತರನಾದ ನಾನು ಸದಾ ಅವರ ಜೊತೆಗಿರುತ್ತಿದ್ದೆ.

ಕಳುವಾದದ್ದು ಒಂದು ವಹಿ, ದಪ್ಪ ಬರೆಯುವ ಪುಸ್ತಕ. ಕಣ್ಣು ಹೋದ ಮೇಲೆ ನಮ್ಮೂರಿನ ಉರ್ದು ಕವಿ ಮುರ್ತುಜಸಾಬರು ಆರು ವರ್ಷ ಹೆಂಡತಿ ಮಕ್ತುಮಬಿಯ ಕೈಲಿ ಬರೆಸಿದ ಗಜಲುಗಳೆಲ್ಲ ಅದರಲ್ಲಿದ್ದವು. ಬರೆಸಿದ ಮೇಲೆ ಮರೆತು ಹೊಸದಕ್ಕೆ ಕೂಡುವುದು ಅವರ ರೂಢಿ. ಶಂಕ್ರಪ್ಪನವರು ಅಚ್ಚು ಹಾಕಿಸುತ್ತೇನೆಂದು ವಹಿ ಕೇಳಿದ ದಿನವೇ ಅದು ಟ್ರಂಕಿನಿಂದ ಕಾಣೆಯಾಗಿತ್ತು.

ಮುರ್ತುಜಸಾಬರ ಗುಮಾನಿ ಬಾದಾಮಿಯ ಕವಿ ಇಬ್ರಾಹಿಂಸಾಬರ ಮೇಲೆ. ಕಣ್ಣು ಹೋದ ಹೊಸದರಲ್ಲಿ ಈ ಜೀವದ ಗೆಳೆಯನೇ ಅವರ ಗಜಲು ಬರೆದುಕೊಳ್ಳುತ್ತಿದ್ದದ್ದು. ಬರೆಯುವಾಗ ಒಂದು ಪದ ತಿದ್ದಿದನೆಂದು ಮುರ್ತುಜಸಾಬರು ಅವರನ್ನು ಹೊರಗೆ ಹಾಕಿದ್ದರು. ವಹಿ ಕಾಣೆಯಾಗುವ ಹಿಂದಿನ ದಿನ ಇಬ್ರಾಹಿಂಸಾಬರು ಸಂಧಾನಕ್ಕೆಂದು ಮನೆಗೆ ಬಂದು ಹೋಗಿದ್ದರು. ಈಗ ಮಸೀದಿಯ ಮುಂದೆ ಕಳ್ಳನೆನಿಸಿಕೊಂಡಿದ್ದರು.

ನಾವು ಮನೆ ನೋಡಿದೆವು. ಟ್ರಂಕಿನ ಬೀಗ ಮುರಿದಿರಲಿಲ್ಲ. ಕೀಲಿ ಮಕ್ತುಮಬಿಯ ಸೊಂಟದಲ್ಲಿತ್ತು. ದೌತಿಯ ಶಾಯಿ ಒಣಗಿ ಹಕ್ಕಳೆಗಟ್ಟಿತ್ತು. ಗೂಡಿನಲ್ಲಿ ಹುನಗುಂದದ ನಾದಿನಿ ಅಬೇದಾ ಮಕ್ತುಮಬಿಗೆ ಬರೆದ ಉರ್ದು ಕಾಗದವಿತ್ತು. ಬಂದು ಎಂಟು ದಿನವಾಗಿದ್ದರೂ ಒಡೆದಿರಲಿಲ್ಲ.

ಶುಕ್ರವಾರ ನಮಾಜಿನ ನಂತರ ಬಸಯ್ಯನವರು ಎಲ್ಲರನ್ನೂ ಆ ಮನೆಯಲ್ಲೇ ಕೂಡಿಸಿದರು.

"ಇಬ್ರಾಹಿಂಸಾಬರು ಕದ್ದಿಲ್ರಿ" ಎಂದರು. "ಅವರ ಮರ್ಯಾದಿ ಹೋಗತೈತಿ ಅಂತ ಹೇಳಾಕತ್ತೇನಿ, ಇಲ್ಲಂದ್ರ ಹೇಳತಿರಲಿಲ್ಲ."

ಬೀಗ ತೆಗೆದದ್ದು ಅದರದೇ ಕೀಲಿ ಎಂದು ವಿವರಿಸಿದರು. ನಿತ್ಯ ಬರೆಯುವ ಮನೆಯಲ್ಲಿ ಶಾಯಿ ಒಣಗುವುದಿಲ್ಲ. ಉರ್ದು ಬಲ್ಲವರು ಸ್ವಂತ ನಾದಿನಿಯ ಕಾಗದವನ್ನು ಒಡೆಯದೆ ಇಡುವುದಿಲ್ಲ. ವಹಿ ಅಚ್ಚಿಗೆ ಹೋದರೆ ಹೆದರಬೇಕಾದವರು ಒಬ್ಬರೇ.

ಮಕ್ತುಮಬಿ ಎದ್ದು ಜೋಳದ ಗಡಿಗೆಯಿಂದ ವಹಿ ತಂದಿಟ್ಟರು. ನಾನು ತೆರೆದು ನೋಡಿದೆ. ಹಾಳೆಗಳೆಲ್ಲ ಬಿಳಿ, ಒಣ ನಿಬ್ಬು ಗೀಚಿದ ಗೆರೆ ಮಾತ್ರ ಇದ್ದವು, ಉರ್ದು ಬರೆಯುವಂತೆ ಬಲದಿಂದ ಎಡಕ್ಕೆ, ಸಾಲು ಸಾಲಾಗಿ.

"ಹುಡುಗಿ ಸಾಲಿ ಕಲತಾಳ ಅಂತ ನಮ್ಮಪ್ಪ ಲಗ್ನದಾಗ ಸುಳ್ಳ ಹೇಳಿದ್ದ" ಎಂದರು ಆಕೆ ಗಂಡನಿಗೆ. "ಬರಿಯಾವರು ಇಲ್ಲಂದ್ರ ನೀವು ಹೇಳೂದ ಬಿಡತಿದ್ರಿ. ನಿಬ್ಬಿನ ಸಪ್ಪಳ ಕೇಳಿದ್ರ ಮುಖ ಅರಳತಿತ್ತು."

ಮುರ್ತುಜಸಾಬರು ಆ ಹಾಳೆಗಳ ಮೇಲೆ ಬೆರಳಾಡಿಸಿದರು. ಆಮೇಲೆ ಇಬ್ರಾಹಿಂಸಾಬರ ಕಡೆಗೆ ಕೈ ಚಾಚಿ ಕ್ಷಮೆ ಕೇಳಿದರು. ವಹಿಯನ್ನು ಮುಚ್ಚಿ ಹೆಂಡತಿಯ ಕೈಗೇ ಕೊಟ್ಟರು.

ಆಮೇಲೆ ಪ್ರತಿ ಶುಕ್ರವಾರ ಇಬ್ರಾಹಿಂಸಾಬರು ಬಾದಾಮಿಯಿಂದ ಬಸ್ಸು ಹಿಡಿದು ಬಂದು ಗೆಳೆಯನ ಪಕ್ಕದಲ್ಲಿ ಬರೆದುಕೊಳ್ಳಲು ಕೂತರು. ನೆನಪಿನಿಂದ ಸಿಕ್ಕದ್ದು ನಾಲ್ಕೇ ದ್ವಿಪದಿ. ರಮಜಾನಿಗೆ ಮುಂಚೆ ಮುರ್ತುಜಸಾಬರು ತೀರಿಕೊಂಡರು.

ಆ ನಾಲ್ಕನ್ನು ಬರೆದ ಹಾಳೆಯನ್ನು ಮಕ್ತುಮಬಿಗೆ ಕೊಟ್ಟಾಗ, ಓದುವುದು ಎಲ್ಲಿಂದ ಶುರುವೆಂದು ಆಕೆ ಕೇಳಿದರು. ಇಬ್ರಾಹಿಂಸಾಬರು ಮೊದಲ ಸಾಲಿನ ಮೊದಲ ಅಕ್ಷರ ತೋರಿಸಿದರು.