ಸರದಿ ತಪ್ಪಿದವಳ ಗುಟುಕು

“ಈ ವಿಷ ಇನ್ನು ನನ್ ಮಗನ ಬಾಯಿಗೆ ಹೋಗ್ಕೂಡದು!”

ಎರ್ಮಿಂದಾ ಮಾತ್ರೆಯ ಡಬ್ಬಿಯನ್ನು ಸೊಸೆ ನಿಮಿಯಾಳ ಕೈಯಿಂದ ಕಿತ್ತು ಅಂಗಳಕ್ಕೆ ಎಸೆದೇಬಿಟ್ಟಳು. ಲೂಕೆ ಊರಿನ ಮಧ್ಯಾಹ್ನದ ಸೆಕೆಯಲ್ಲಿ ಕುರ್ಚಿಯಲ್ಲಿದ್ದ ಮಗ ಹಿಲಾರಿಯೊ ಏಳಲು ಹೋಗಿ ನರಳಿದ. ಅಂಗಾಲು ಸುಲಿದು ಕೆಂಡವಾಗಿತ್ತು. ಬೆರಳ ತುದಿಗಳಂತೂ... ಅಯ್ಯೋ, ಹರೆಯದಿಂದ ಹಾರ್ಪಿನ ತಂತಿ ಮೀಟಿದ ಆ ಬೆರಳುಗಳಿಂದ ಈಗ ಅಂಗಿಯ ಗುಂಡಿ ಹಾಕುವುದೂ ಆಗುತ್ತಿರಲಿಲ್ಲ!

ಒಂದು ಮೂತ್ರಪಿಂಡ ತೆಗೆದ ಮೇಲೂ ಅವನ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತ್ತು. ಗಡ್ಡೆಗೆ ರಕ್ತ ಹರಿಯದಂತೆ ತಡೆಯುವ ಈ ಮಾತ್ರೆ ಶುರುವಾದ ಮೇಲೆ ಗಡ್ಡೆಗಳು ಅರ್ಧಕ್ಕರ್ಧ ಕುಗ್ಗಿದ್ದವು. ಗಂಡ ಉಳಿದ, ಆದರೆ ಅದೇ ಮಾತ್ರೆಯಿಂದ ಕೈಕಾಲಿನ ಚರ್ಮ ಸುಲಿದು ಹಾರ್ಪಿನ ಮೇಲೆ ಬಟ್ಟೆ ಬಿತ್ತು. ನಿಮಿಯಾಳ ಕೆನ್ನೆ ಸವರುತ್ತಿದ್ದ ಕೈ ಈಗ ಮುಲಾಮು ಹಚ್ಚಿದ ಹತ್ತಿಯ ಗವಸಿನೊಳಗೆ. ಆ ಕೈಗಾಗಿ, ಆ ನಾದಕ್ಕಾಗಿ ಅವಳು ಅವನ ಪಕ್ಕದಲ್ಲೇ ಕುಳಿತು ಹಂಬಲಿಸುತ್ತಿದ್ದಳು.

“ನಂಗೂ ಸಾಕಾಗಿದೆ ಕಣಮ್ಮಾ,” ಅಂದ ಹಿಲಾರಿಯೊ. “ಹೀಗೆ ಬದುಕೋದಕ್ಕಿಂತ ನಾಲ್ಕು ದಿನ ಬಾರಿಸಿ ಸತ್ರೆ ವಾಸಿ.”

“ಕೇಳಿಸ್ತೇನೇ? ನೀನೂ ನಿನ್ ಡಾಕ್ಟರಮ್ಮನೂ ಸೇರ್ಕೊಂಡು ನನ್ ಮಗನ ಚರ್ಮ ಸುಲೀತಿದ್ದೀರಿ!”

ತಾಯಿ ಮಗನ ನಡುವೆ ತೆರೆರೆ ಎಂಬ ಪಾನೀಯದ ಕೊಂಬಿನ ಲೋಟವಿತ್ತು. ಸೊಪ್ಪಿಗೆ ತಣ್ಣೀರು ಹೊಯ್ದು ಒಂದೇ ಕೊಳವೆಯಿಂದ ಎಲ್ಲರೂ ಸರದಿಯಲ್ಲಿ ಹೀರುವ ಲೋಟ. ಹಿಂದೊಮ್ಮೆ ಅತ್ತೆ, “ಹೆರದವಳಿಗೆ ಕೊನೇ ಸರದಿ” ಎಂದು ಚುಚ್ಚಿದಾಗ ನಿಮಿಯಾ “ಉಪಕಾರವಾಯ್ತು” ಎಂದು ಎದ್ದುಹೋಗಿದ್ದಳು. ಸುತ್ತು ಕುಳಿತಾಗ ಹಾಗೆಂದರೆ, ಸಾಕು, ನನಗಿನ್ನು ತುಂಬಬೇಡಿ ಎಂದರ್ಥ. ಎರ್ಮಿಂದಾ ಅದನ್ನು ಜನ್ಮಕ್ಕೇ ಸಾಕೆಂದು ಹಿಡಿದಳು. ಅಂದಿನಿಂದ ಸೊಸೆಗೆ ಸರದಿ ಬಂದಿರಲಿಲ್ಲ.

ಇಂದು ಸಿಟ್ಟಿನಲ್ಲಿ ನಿಮಿಯಾ ತಾನೇ ಲೋಟವೆತ್ತಿ ಹೀರಿದಳು. ಹುಳಿಗಹಿ ನಾಲಿಗೆಗೆ ಬಡಿಯಿತು.

“ಅತ್ತೆ... ಇದ್ರಲ್ಲಿ ಏನ್ ಹಾಕಿದ್ದೀರಿ?”

“ಪೊಮೆಲೊ ಹಣ್ಣಿನ ರಸ. ಮೈಯುರಿ ಅಂತಾನಲ್ಲ, ತಂಪಾಗ್ಲಿ ಅಂತ ದಿನಾ ಜಗ್ ತುಂಬಾ ಹಿಂಡ್ತೀನಿ. ಅದಕ್ಕೂ ನಿನ್ ಅಪ್ಪಣೆ ಬೇಕಾ?”

“ಹಿಲಾರಿಯೊ! ಪೊಮೆಲೊ ಬೇಡ ಅಂದಿದ್ರಲ್ಲ ಡಾಕ್ಟರಮ್ಮ!”

“ಹಣ್ಣು ತಿನ್ಬೇಡಿ ಅಂದ್ರು... ನಾನೆಲ್ಲಿ ತಿಂದೆ? ಇದು ತೆರೆರೆ ಅಲ್ವಾ...”

ದಿನವಿಡೀ ನೀರಿನಂತೆ ಕುಡಿಯುವ ತೆರೆರೆಯನ್ನು ಆ ಊರಲ್ಲಿ ಯಾರು ತಾನೇ ಲೆಕ್ಕಕ್ಕೆ ಹಿಡಿಯುತ್ತಾರೆ!

“ಆ ರಸ ಸೇರಿದ್ರೆ ಔಷಧಿ ಕರಗದೆ ಮೈಯಲ್ಲೇ ಉಳ್ಕೊಳ್ಳತ್ತಂತೆ ಅತ್ತೆ. ಒಂದು ಮಾತ್ರೆ ನುಂಗಿದ್ರೂ ಹೆಚ್ಚು ನುಂಗಿದ ಹಾಗೆ.”

ಎರ್ಮಿಂದಾಳ ಮುಖ ಬಿಳಿಚಿತು. “ಹಾಗಾದ್ರೆ... ನಾನೇ... ನನ್ ಕೈಯಾರೆ...” ಎನ್ನುತ್ತ ನೆಲಕ್ಕೆ ಕುಸಿದಳು.

ವರ್ಷಗಟ್ಟಲೆ ನುಂಗಿದ ಮಾತುಗಳೆಲ್ಲ ನಿಮಿಯಾಳ ನಾಲಿಗೆಯ ತುದಿಗೆ ಬಂದವು. ಆದರೆ ನೆಲದ ಮೇಲೆ ಕುಳಿತ ಅತ್ತೆಯನ್ನು ನೋಡಿ ಅವನ್ನು ಆಡಲು ಅವಳಿಂದ ಆಗಲಿಲ್ಲ. “ನಿಮ್ಗೆ ನಾನು ಹೇಳ್ಬೇಕಿತ್ತು. ಹೇಳ್ಲಿಲ್ಲ. ತಪ್ಪು ನಂದೂ ಇದೆ,” ಎಂದಳು.

ಮುದುಕಿ ಮೆಲ್ಲನೆದ್ದು, ಅಂಗಳದಲ್ಲಿ ಬಿದ್ದಿದ್ದ ಡಬ್ಬಿಯನ್ನು ಹುಡುಕಿ ತಂದು, ಅಂಗಿಯಂಚಿನಿಂದ ಧೂಳೊರೆಸಿ ಸೊಸೆಯ ಕೈಗಿಟ್ಟಳು.

ಡಾಕ್ಟರಮ್ಮ ಕೆಲವು ವಾರ ಮಾತ್ರೆ ನಿಲ್ಲಿಸಿ, ಆಮೇಲೆ ಕಡಿಮೆ ಪ್ರಮಾಣ ಬರೆದುಕೊಟ್ಟರು. ರಸ ಮಾಡಿದ್ದೆಷ್ಟು, ಮಾತ್ರೆಯೇ ಮಾಡಿದ್ದೆಷ್ಟು ಹೇಳಲಾಗದು, ಮುಂದೆಯೂ ಬೆರಳು ಉರಿಯಬಹುದು ಎಂದರು. ಗಡ್ಡೆ ಪೂರ್ತಿ ಹೋಗುವ ಭರವಸೆಯನ್ನಂತೂ ಕೊಡಲಿಲ್ಲ.

ಮಾತ್ರೆ ನಿಲ್ಲಿಸಿದ್ದ ವಾರಗಳ ಕೊನೆಯ ಸಂಜೆ ಹಿಲಾರಿಯೊ ಹಾರ್ಪಿನ ಬಟ್ಟೆ ಸರಿಸಿದ. ಹೊಸ ಚರ್ಮದ ಬೆರಳುಗಳು ಮೊದಲು ಎಡವಿದವು, ಆಮೇಲೆ ನೆನಪಿಸಿಕೊಂಡವು. ನಾಳೆಯಿಂದ ಮತ್ತೆ ಮಾತ್ರೆ. ಈ ನಾದ ಇನ್ನೆಷ್ಟು ಸಂಜೆ...? ನಿಮಿಯಾ ಕಣ್ಣು ಮುಚ್ಚಿ, ಇದು ಮುಗಿಯದಿರಲಿ ದೇವರೇ ಎಂದುಕೊಂಡಳು.

ಭುಜ ಯಾರೋ ಮುಟ್ಟಿದಂತಾಯಿತು. ಎರ್ಮಿಂದಾ ಕೊಂಬಿನ ಲೋಟ ಚಾಚಿ ನಿಂತಿದ್ದಳು.

“ತಗೊಳ್ಳೇ. ರಸ ಇಲ್ಲ, ಬರೀ ತಣ್ಣೀರು. ಬೇಕಾದ್ರೆ ನೀನೇ ಮೊದ್ಲು ಕುಡಿದ್ ನೋಡು.”

ನಿಮಿಯಾ ಕೊನೆಯ ಗುಟುಕಿನವರೆಗೂ ಹೀರಿದಳು. ಉಪಕಾರವೆಂಬ ಮಾತು ತುಟಿಯವರೆಗೆ ಬಂತು. ಅದನ್ನು ಅಲ್ಲೇ ತಡೆದು, ಖಾಲಿ ಲೋಟವನ್ನು ಮತ್ತೆ ತುಂಬಲು ಅತ್ತೆಯತ್ತ ಚಾಚಿದಳು.